ರೂಟರ್‌ನಲ್ಲಿ ವೈಫೈ ಎನ್‌ಕ್ರಿಪ್ಷನ್ ಹೊಂದಿಸುವ ಬಗೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಫೋನ್ ತೆರೆದರೆ ಅಕ್ಕಪಕ್ಕದವರ ವೈಫೈ ಹೆಸರುಗಳೆಲ್ಲ ಸಾಲುಗಟ್ಟಿ ಕಾಣುತ್ತವೆ. ನಿಮ್ಮದೂ ಅವರಿಗೆ ಕಾಣುತ್ತದೆ. ಫೈಬರ್ ಎಳೆಯಲು ಬಂದವರು ನಿಮ್ಮ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗಿದ್ದರೆ ಇವತ್ತೇ ಬದಲಿಸಿ.

ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ರೂಟರ್‌ಗೆ ಜೋಡಿಸಿ. ವೈಫೈ ಮೂಲಕವೇ ಬದಲಿಸಿದರೆ ಸೇವ್ ಒತ್ತಿದ ಕೂಡಲೇ ಸಂಪರ್ಕ ತಪ್ಪುತ್ತದೆ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಬರೆಯಿರಿ. ಎರಡೂ ತೆರೆಯದಿದ್ದರೆ ಫೋನಿನ ವೈಫೈ ವಿವರಗಳಲ್ಲಿ ‘ಗೇಟ್‌ವೇ’ ಎದುರಿನ ಸಂಖ್ಯೆ ನೋಡಿ. ಲಾಗಿನ್ ವಿವರ ಸಾಮಾನ್ಯವಾಗಿ ರೂಟರಿನ ತಳದ ಚೀಟಿಯಲ್ಲಿರುತ್ತದೆ. ಒಳಹೊಕ್ಕ ಮೇಲೆ ಮೊದಲು ಆ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.

ನಂತರ ವೈರ್‌ಲೆಸ್ ಸೆಕ್ಯುರಿಟಿ ಪುಟ. ವೈಫೈನಲ್ಲಿ ಓಡಾಡುವ ಮಾಹಿತಿಯನ್ನು ಬೇರೆಯವರು ಓದದಂತೆ ಗುಟ್ಟಾಗಿಡುವ ಬಗೆಗಳು, ಅಂದರೆ ಎನ್‌ಕ್ರಿಪ್ಷನ್, ಅಲ್ಲಿರುತ್ತವೆ. ಡಬ್ಲ್ಯುಪಿಎ3 (WPA3) ಇದ್ದರೆ ಅದನ್ನೇ ಆರಿಸಿ. ಹಳೆಯ ಫೋನುಗಳೂ ಇದ್ದರೆ ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಶ್ರ. ಅದೂ ಇಲ್ಲದಿದ್ದರೆ ಡಬ್ಲ್ಯುಪಿಎ2-ಪಿಎಸ್‌ಕೆ (ಎಲ್ಲರೂ ಒಂದೇ ಪಾಸ್‌ವರ್ಡ್‌ನಿಂದ ಸೇರುವ ಬಗೆ), ಅದರ ಜೊತೆ ಎಇಎಸ್ (AES) ಎಂಬ ಗೂಢಲಿಪಿ. ಹಳೆಯ ಗೂಢಲಿಪಿಯಾದ ಟಿಕೆಐಪಿ (TKIP) ಬೇಡ: ಭದ್ರತೆ ಕಡಿಮೆ, ವೇಗವೂ 54 ಎಂಬಿಪಿಎಸ್‌ಗೆ ಕುಸಿಯುತ್ತದೆ. ಇನ್ನೂ ಹಳೆಯ ಬಗೆಯಾದ ಡಬ್ಲ್ಯುಇಪಿಯನ್ನು (WEP) 2001ರಲ್ಲೇ ಭೇದಿಸಿದ್ದಾರೆ, ಅದರತ್ತ ನೋಡಲೇಬೇಡಿ. 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಪುಟಗಳಿದ್ದರೆ ಎರಡರಲ್ಲೂ ಮಾಡಿ. ಒಂದನ್ನು ಮರೆಯುವವರೇ ಹೆಚ್ಚು.

ಡಬ್ಲ್ಯುಪಿಎ2ರಲ್ಲಿ ಎಲ್ಲವೂ ಪಾಸ್‌ವರ್ಡ್ ಮೇಲೆ ನಿಂತಿದೆ. ನಿಮ್ಮ ಫೋನ್ ರೂಟರ್‌ಗೆ ಸೇರುವಾಗಿನ ಮಾತುಕತೆಯನ್ನು ಮೆಟ್ಟಿಲ ಬಳಿ ಕೂತವರೂ ಹಿಡಿದಿಟ್ಟುಕೊಂಡು, ಮನೆಗೆ ಹೋಗಿ ಊಹೆ ನಡೆಸಬಹುದು. ಮೊಬೈಲ್ ನಂಬರ್ 6ರಿಂದ 9ರೊಳಗಿನ ಅಂಕಿಯಿಂದಲೇ ಶುರುವಾಗುವುದರಿಂದ ಸಾಧ್ಯತೆಗಳು 400 ಕೋಟಿ ಮಾತ್ರ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಅದು ಕೆಲವು ಗಂಟೆಗಳ ಕೆಲಸ. ಡಬ್ಲ್ಯುಪಿಎ3 ಇಂಥ ಊಹೆಗೆ ಎಡೆಕೊಡದಂತೆ ರೂಪಿಸಿದ್ದು. ಪಾಸ್‌ವರ್ಡ್ 8ರಿಂದ 63 ಅಕ್ಷರಗಳಿರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಸೇರಿಸಿ 20 ಅಕ್ಷರ ದಾಟಿಸಿ. ಫ್ಲ್ಯಾಟ್ ನಂಬರ್, ಗಾಡಿ ನಂಬರ್, ಮಕ್ಕಳ ಹೆಸರು ಬೇಡ.

ಪಾಸ್‌ವರ್ಡ್ ಬರೆಯದೆ ಬಟನ್ ಅಥವಾ ಪಿನ್‌ನಿಂದ ಸೇರಿಸುವ ಡಬ್ಲ್ಯುಪಿಎಸ್ (WPS) ಆಫ್ ಮಾಡಿ. ಅದರ 8 ಅಂಕಿಯ ಪಿನ್ ಅನ್ನು ರೂಟರ್ ಎರಡು ಭಾಗವಾಗಿ ಪರೀಕ್ಷಿಸುತ್ತದೆ. ಹೆಚ್ಚೆಂದರೆ 11,000 ಪ್ರಯತ್ನಕ್ಕೆ ಸಿಗುತ್ತದೆ.

ಬದಲಿಸಿದ ಮೇಲೆ ಹಳೆಯ ಪ್ರಿಂಟರ್, ಸ್ಮಾರ್ಟ್ ಬಲ್ಬ್ ಸೇರದಿದ್ದರೆ ಮಿಶ್ರ ಮೋಡ್‌ಗೆ ಹೋಗಿ, ಪಿಎಂಎಫ್ (PMF, ರೂಟರ್ ಮತ್ತು ಉಪಕರಣದ ನಡುವಿನ ನಿಯಂತ್ರಣ ಸಂದೇಶಗಳ ರಕ್ಷಣೆ) ಅನ್ನು ‘ಆಪ್ಷನಲ್’ ಮಾಡಿ. ಅದಕ್ಕೂ ಬಗ್ಗದಿದ್ದರೆ 2.4 ಗಿಗಾಹರ್ಟ್ಸ್‌ನ ಗೆಸ್ಟ್ ನೆಟ್‌ವರ್ಕ್‌ನಲ್ಲಿ ಡಬ್ಲ್ಯುಪಿಎ2 ಇಟ್ಟು ಅವನ್ನು ಅಲ್ಲಿಗೆ ಸೇರಿಸಿ. ಫೋನ್ ಸೇರಲು ತಕರಾರು ಮಾಡಿದರೆ ‘ಫರ್ಗೆಟ್’ ಒತ್ತಿ ಮತ್ತೆ ಸೇರಿಸಿ.

ಫೈಬರ್ ಡಬ್ಬಿಗೆ ಸ್ವಂತ ರೂಟರ್ ಸಿಕ್ಕಿಸಿದ್ದರೆ ಆ ಡಬ್ಬಿಯ ವೈಫೈ ಹಳೇ ಪಾಸ್‌ವರ್ಡ್‌ನಲ್ಲೇ ಉಳಿದಿರಬಹುದು. ಅದನ್ನು ಆಫ್ ಮಾಡಿ. ಕರೆಂಟ್ ಹೋದರೆ ಸೆಟ್ಟಿಂಗ್ಸ್ ಅಳಿಯುವುದಿಲ್ಲ, ಆದರೆ ರಿಪೇರಿಗೆ ಬಂದವರು ರಿಸೆಟ್ ತೂತಿಗೆ ಪಿನ್ ಚುಚ್ಚಿದ್ದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು.