ಪೆಡಲ್ ಆಮೇಲೆ ತಗೊಳ್ಳಿ, ಮೊದಲು ಸ್ಪೀಕರ್ ನೋಡಿ

ನನ್ನದು 15 ವ್ಯಾಟಿನ ವಾಲ್ವ್ ಆಂಪ್, ಅಂದರೆ ಗಾಜಿನ ವಾಲ್ವ್‌ಗಳಿಂದ ಎಲೆಕ್ಟ್ರಿಕ್ ಗಿಟಾರಿನ ಸದ್ದು ಏರಿಸುವ ಪೆಟ್ಟಿಗೆ. ಒಳಗೆ 12 ಇಂಚಿನ ಒಂದೇ ಸ್ಪೀಕರ್. ತಂದ ಮೊದಲ ಎರಡು ವರ್ಷ ಅದರ ಸದ್ದು ನನಗೆ ಹಿಡಿಸಲೇ ಇಲ್ಲ. ಡಿಸ್ಟಾರ್ಷನ್ (ಸದ್ದನ್ನು ಬೇಕಂತಲೇ ಒರಟು ಮಾಡುವುದು) ಹಾಕಿದರೆ ತಗಡಿನ ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ. ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಪೆಡಲ್ ತಂದೆ, ತಂತಿ ಬದಲಿಸಿದೆ, ತಂತಿಯ ಕಂಪನ ಹಿಡಿಯುವ ಪಿಕಪ್ಪೂ ಬದಲಿಸಿದೆ. ಒಮ್ಮೆ ನಮ್ಮ ಗಣೇಶನ ಹಬ್ಬದ ಆರ್ಕೆಸ್ಟ್ರಾ ರಿಹರ್ಸಲ್‌ಗೆ ಆಂಪ್ ರಿಪೇರಿ ಮಾಡುವ ಹಿರಿಯರೊಬ್ಬರು ಬಂದಿದ್ದರು. ಎರಡು ನಿಮಿಷ ಕೇಳಿ, "ಗಂಟಲು ಕೆಟ್ಟಿದೆ, ನೀನು ಹೊಟ್ಟೆಗೆ ಔಷಧಿ ಹಾಕ್ತಿದ್ದೀಯ" ಅಂದರು. ಗಂಟಲು ಅಂದರೆ ಸ್ಪೀಕರ್.

ಗಿಟಾರ್ ಸ್ಪೀಕರ್ ಮನೆಯ ಮ್ಯೂಸಿಕ್ ಸಿಸ್ಟಮ್‌ನ ಸ್ಪೀಕರ್ ತರ ಅಲ್ಲ. ಅದು ಬಂದದ್ದನ್ನು ಬಂದ ಹಾಗೆ ದಾಟಿಸುವುದಿಲ್ಲ. ಸುಮಾರು 70 ಹರ್ಟ್ಸ್‌ನಿಂದ 5 ಸಾವಿರ ಹರ್ಟ್ಸ್‌ವರೆಗೆ ಚೆನ್ನಾಗಿ ಹಾಡುತ್ತದೆ, ಅದರಾಚೆ ದಬಕ್ಕನೆ ಇಳಿದುಬಿಡುತ್ತದೆ. ಡಿಸ್ಟಾರ್ಷನ್‌ನ ಕರ್ಕಶವನ್ನು ಸೋಸುವ ಜರಡಿ ಇದೇ. ಜಿಪುಣತನ ಮಾಡಿ ನಾನೊಮ್ಮೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಟ್ವೀಟರ್ (ಚೂಪು ಸದ್ದಿಗೆಂದೇ ಇರುವ ಪುಟ್ಟ ಸ್ಪೀಕರ್) ಇರುವ ಕಾರ್ ಸ್ಪೀಕರ್ ತಂದು ಆಂಪ್‌ನ 4 ಓಮ್ ಸಾಕೆಟ್‌ಗೆ ಸಿಕ್ಕಿಸಿದೆ. ಕಡಜದ ಗೂಡಿಗೆ ಕಲ್ಲು ಬಿದ್ದ ಹಾಗಿತ್ತು.

ದುಡ್ಡು ಖರ್ಚು ಮಾಡುವ ಮುಂಚೆ ಒಂದು ಕೆಲಸ ಮಾಡಿ. ಆಂಪನ್ನು ನೆಲದಿಂದ ಎತ್ತಿ ಕುರ್ಚಿಯ ಮೇಲಿಡಿ, ಸ್ವಲ್ಪ ಹಿಂದಕ್ಕೆ ವಾಲಿಸಿ. ಸ್ಪೀಕರ್‌ನ ಹೈ, ಅಂದರೆ ಚೂಪು ಸದ್ದು, ಟಾರ್ಚ್ ಬೆಳಕಿನ ಹಾಗೆ ನೇರಕ್ಕೆ ಹೋಗುತ್ತದೆ. ಆಂಪ್ ನೆಲದ ಮೇಲಿದ್ದರೆ ಅದೆಲ್ಲ ನಮ್ಮ ಮೊಣಕಾಲಿಗೆ ಬಡಿಯುತ್ತದೆ. ಮೊಣಕಾಲಿಗೆ ಕಿವಿ ಇಲ್ಲವಲ್ಲ! ಸದ್ದು ಮಂಕು ಅಂತ ಟ್ರೆಬಲ್ ಏರಿಸುತ್ತೇವೆ, ಎದುರಿಗೆ ಕೂತವರು ಕಿವಿ ಮುಚ್ಚಿಕೊಳ್ಳುತ್ತಾರೆ. ಕಿವಿಯ ಮಟ್ಟದಲ್ಲಿ, ಒಂದು ಮೀಟರ್ ದೂರದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಹೋಲಿಸಲು ಬೇಕಾಗುತ್ತದೆ.

ಆಗಲೂ ಸರಿಬರಲಿಲ್ಲವಾದರೆ ಸ್ಪೀಕರ್ ಹುಡುಕಿ. ನಾನು ಗೆಳೆಯರಿಂದ ಎರವಲು ತಂದು ಕೂರಿಸಿ ನೋಡಿದ್ದು ಎರಡನ್ನು. ಎರಡೂ ಸೆಲೆಶನ್ ಕಂಪನಿಯವು. ಮೊದಲನೆಯದು ಗ್ರೀನ್‌ಬ್ಯಾಕ್, 1960ರ ದಶಕದ ಮಾರ್ಷಲ್ ಕಂಪನಿಯ ಸ್ಪೀಕರ್ ಪೆಟ್ಟಿಗೆಗಳಿಂದ ಹೆಸರಾದದ್ದು. 25 ವ್ಯಾಟ್ ತಡೆಯುತ್ತದೆ, 98 ಡೆಸಿಬಲ್ (ಅಷ್ಟೇ ಪವರ್‌ಗೆ ಎಷ್ಟು ಜೋರು ಅನ್ನುವ ಅಂಕಿ). ಬೇಸ್ ಸ್ವಲ್ಪ ಸಡಿಲ, ಮಿಡ್ ಬೆಚ್ಚಗೆ, ಹೈ ಒರಟಾದರೂ ಚುಚ್ಚುವುದಿಲ್ಲ. ಜೋರಾಗಿ ಬಾರಿಸಿದರೆ ಕಾಗದದ ಕೋನ್ ತಾನೇ ಬಳುಕಿ ಒಂದಿಷ್ಟು ಗೊಗ್ಗರು ದನಿ ಸೇರಿಸುತ್ತದೆ. ಎರಡನೆಯದು 1986ರಲ್ಲಿ ಬಂದ ವಿಂಟೇಜ್ 30. ಹೆಸರಲ್ಲಿ 30 ಇದ್ದರೂ 60 ವ್ಯಾಟ್ ತಡೆಯುತ್ತದೆ, 100 ಡೆಸಿಬಲ್. 2-3 ಸಾವಿರ ಹರ್ಟ್ಸ್ ಹತ್ತಿರ ಅದಕ್ಕೊಂದು ಉಬ್ಬು ಇದೆ. ಕೀಬೋರ್ಡು, ಡ್ರಮ್ಸು, ತಮಟೆ ಎಲ್ಲ ಒಟ್ಟಿಗೆ ಹೊಡೆಯುವಾಗಲೂ ಗಿಟಾರ್ ಎದ್ದು ಕೇಳುವುದು ಆ ಉಬ್ಬಿನಿಂದಲೇ. ಮನೆಯ ಸಣ್ಣ ರೂಮಿನಲ್ಲಿ ಅದೇ ಉಬ್ಬು ಹತ್ತು ನಿಮಿಷಕ್ಕೆ ತಲೆನೋವು ತರಿಸುತ್ತದೆ. ನಾನು ಗ್ರೀನ್‌ಬ್ಯಾಕ್ ಕೊಂಡೆ. ಜಾಸ್ತಿ ನುಡಿಸುವುದು ಮನೆಯಲ್ಲೇ, ಅದಕ್ಕೆ.

ಮಿಕ್ಕವನ್ನು ಬೇಗ ಹೇಳಿಬಿಡುತ್ತೇನೆ. ಸೆಲೆಶನ್‌ನದೇ ಜಿ12ಟಿ-75ರಲ್ಲಿ ಬೇಸ್, ಟ್ರೆಬಲ್ ಮುಂದೆ, ಮಿಡ್ ಹಿಂದೆ. ಒಬ್ಬರೇ ನುಡಿಸುವಾಗ ಭರ್ಜರಿ, ಬ್ಯಾಂಡಿನಲ್ಲಿ ಕಳೆದುಹೋಗುತ್ತದೆ. ಕ್ಲೀನ್ ಸದ್ದು, ಗಂಟೆಯಂಥ ಹೈ ಬೇಕಾದರೆ ಹಳೆಯ ಫೆಂಡರ್ ಆಂಪ್‌ಗಳ ದಾರಿಯ ಜೆನ್ಸೆನ್ ಕಂಪನಿಯ ಸ್ಪೀಕರ್ ನೋಡಿ. ಅದರ ಹೆಸರಿನಲ್ಲಿ ಸಿ ಇದ್ದರೆ ಸೆರಾಮಿಕ್ ಮ್ಯಾಗ್ನೆಟ್, ಪಿ ಇದ್ದರೆ ಆಲ್ನಿಕೊ ಅನ್ನುವ ಮಿಶ್ರಲೋಹದ್ದು. ವಾಕ್ಸ್ ಎಸಿ30 ಆಂಪಿನ ಮಿನುಗು ಇಷ್ಟವಾದರೆ ಆಲ್ನಿಕೊ ಮ್ಯಾಗ್ನೆಟ್‌ನ ಸೆಲೆಶನ್ ಬ್ಲೂ. ಬೆಲೆ ನೋಡಿ ನಾನು ಸುಮ್ನಾದೆ. ಅಲ್ಲದೆ ಅದು ತಡೆಯುವುದು 15 ವ್ಯಾಟ್ ಮಾತ್ರ. 15 ವ್ಯಾಟಿನ ವಾಲ್ವ್ ಆಂಪನ್ನು ಪೂರ್ತಿ ತಿರುಗಿಸಿದರೆ ಅದಕ್ಕಿಂತ ಜಾಸ್ತಿಯೇ ಉಗುಳುತ್ತದೆ. ಸ್ಪೀಕರ್‌ನ ವ್ಯಾಟ್ ಆಂಪಿನ ಒಂದೂವರೆ ಅಥವಾ ಎರಡು ಪಟ್ಟು ಇರಲಿ.

ಡೆಸಿಬಲ್ ಅಂಕಿಯನ್ನು ತಪ್ಪದೆ ಓದಿ. 3 ಡೆಸಿಬಲ್ ಏರಿತು ಅಂದರೆ ಆಂಪಿನ ಪವರ್ ಎರಡು ಪಟ್ಟು ಮಾಡಿದಷ್ಟೇ ಏರಿಕೆ. ಗ್ರೀನ್‌ಬ್ಯಾಕ್‌ಗೂ ವಿಂಟೇಜ್ 30ಕ್ಕೂ 2 ಡೆಸಿಬಲ್ ವ್ಯತ್ಯಾಸ. ಹಾಗಾಗಿ ವಿಂಟೇಜ್ 30 ಹಾಕಿದಾಗ ನನ್ನ 15 ವ್ಯಾಟ್ ಆಂಪ್ ಹೆಚ್ಚುಕಡಿಮೆ 24 ವ್ಯಾಟಿನದರ ಹಾಗೆ ಕೇಳಿಸಿತು. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಕಡಿಮೆ ಡೆಸಿಬಲ್‌ನದನ್ನೇ ಹುಡುಕಿ.

ಇನ್ನು ಓಮ್, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ. ಆಂಪಿನ ಹಿಂದೆ 8 ಅಂತ ಬರೆದಿದ್ದರೆ 8ರದ್ದೇ ತನ್ನಿ. ಮಲ್ಟಿಮೀಟರ್ ಹಿಡಿದರೆ 8 ಓಮ್ ಸ್ಪೀಕರ್ 6-7 ತೋರಿಸುತ್ತದೆ, ಗಾಬರಿ ಬೇಡ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ಆನ್ ಮಾಡಬೇಡಿ, ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಬದಲಿಸುವ ಕೆಲಸ ಅರ್ಧ ಗಂಟೆಯದು. ಪ್ಲಗ್ ಕಿತ್ತು, ಆಂಪ್ ಪೂರ್ತಿ ತಣ್ಣಗಾಗಲು ಬಿಡಿ. ಬಟ್ಟೆ ಹಾಸಿ ಅದನ್ನು ಮುಖ ಕೆಳಗಾಗಿ ಮಲಗಿಸಿ. ಯಾವ ವಯರ್ ಪ್ಲಸ್‌ಗಿತ್ತು ಅಂತ ಫೋಟೋ ತೆಗೆದು, ವಯರ್ ಬಿಚ್ಚಿ. ಸರ್ಕ್ಯೂಟ್ ಇರುವ ಪೆಟ್ಟಿಗೆ ಮಾತ್ರ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಹೊಸದನ್ನು ಕೂರಿಸುವಾಗ ಬೋಲ್ಟುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಬಲ ಹಾಕಿದರೆ ಫ್ರೇಮ್ ತಿರುಚಿ ಒಳಗಿನ ತಂತಿ ಸುರುಳಿ (ಕಾಯಿಲ್) ಮ್ಯಾಗ್ನೆಟ್‌ಗೆ ಉಜ್ಜುತ್ತದೆ. ಸ್ಕ್ರೂಡ್ರೈವರ್ ಬಗ್ಗೆ ಹುಷಾರು. ಹಳೆಯ ಸ್ಪೀಕರ್ ಬಿಚ್ಚುವಾಗ ಮ್ಯಾಗ್ನೆಟ್ ನನ್ನ ಸ್ಕ್ರೂಡ್ರೈವರನ್ನು ಎಳೆದುಕೊಂಡಿತು, ಕೈ ಜಾರಿ ಕೋನ್ ತೂತಾಯಿತು. 1964ರಲ್ಲಿ ಲಂಡನ್ನಿನ ಕಿಂಕ್ಸ್ ಬ್ಯಾಂಡಿನ ಗಿಟಾರಿಸ್ಟ್ ಡೇವ್ ಡೇವಿಸ್ ಬೇಕಂತಲೇ ಬ್ಲೇಡಿನಿಂದ ಕೋನ್ ಸೀಳಿ ಹೊಸ ಸದ್ದು ಹುಟ್ಟಿಸಿದ್ದ. ನನ್ನ ತೂತಿನಿಂದ ಬರೀ ಪರಪರ ಹುಟ್ಟಿತು. ಟಿಶ್ಯೂ ಪೇಪರ್ ತುಂಡಿಗೆ ಬಿಳಿ ಗೋಂದು ಹಚ್ಚಿ ಎರಡೂ ಕಡೆ ಅಂಟಿಸಿದೆ, ನಿಂತಿತು.

ಹೊಸ ಸ್ಪೀಕರ್ ಮೊದಲ ದಿನ ಬಿಗಿಯಾಗಿ ಕೇಳಿಸುತ್ತದೆ. ಒಂದು ವಾರ ನುಡಿಸಿ, ಆಮೇಲೆ ಫೋನ್ ಅದೇ ಜಾಗದಲ್ಲಿಟ್ಟು ಮತ್ತೆ ರೆಕಾರ್ಡ್ ಮಾಡಿ, ಹಳೆಯದರ ಜೊತೆ ಕೇಳಿ. ಬಿಚ್ಚಿದ ಸ್ಪೀಕರ್ ಮಾರಬೇಡಿ. ಮುಂದೆ ಆಂಪ್ ಮಾರುವಾಗ ಅದನ್ನೇ ವಾಪಸ್ ಹಾಕಿ ಕೊಟ್ಟು, ಒಳ್ಳೆಯದನ್ನು ಉಳಿಸಿಕೊಳ್ಳಬಹುದು. ನನ್ನದು ತೇಪೆ ಸಮೇತ ಮಂಚದ ಕೆಳಗೇ ಇದೆ.