ಮಿನಿ ಬೈಕ್ ಕ್ಲಚ್ ಸುಡುವುದು ನಿಂತಿದ್ದು ಹೀಗೆ

ಕಾಡುದಾರಿಯಲ್ಲಿ ನಿಧಾನಕ್ಕೆ ಏರು ಹತ್ತಿಸಿದರೆ ಸಾಕು, ನನ್ನ 196 ಸಿಸಿ ಮಿನಿ ಬೈಕಿನ ಕ್ಲಚ್ ಸುಟ್ಟ ವಾಸನೆ ಹೊಡೆಯುತ್ತಿತ್ತು. ಇದರದ್ದು ಸೆಂಟ್ರಿಫ್ಯೂಗಲ್ ಕ್ಲಚ್. ಇಂಜಿನ್ ಜೋರಾಗಿ ತಿರುಗಿದರೆ ಮಾತ್ರ ಅದರೊಳಗಿನ ಶೂಗಳು (ಉಜ್ಜಿ ಹಿಡಿಯುವ ತುಂಡುಗಳು) ಸುತ್ತಲಿನ ಡ್ರಮ್ಮನ್ನು ಗಟ್ಟಿಯಾಗಿ ಹಿಡಿಯುತ್ತವೆ. ಇಲ್ಲದಿದ್ದರೆ ಅರ್ಧಂಬರ್ಧ ಹಿಡಿದು ಉಜ್ಜುತ್ತಲೇ ಇರುತ್ತವೆ. ಆ ಬಿಸಿಗೆ ಡ್ರಮ್ ನೀಲಿಗಟ್ಟಿತ್ತು.

ಸುಮ್ನೆ ಹೊಸ ಕ್ಲಚ್ ಹಾಕಿದರೆ ಅದೂ ಸುಡುತ್ತದೆ, ಅಲ್ವಾ? ಅದರ ಜೊತೆ ಗೇರಿಂಗನ್ನೂ ಬದಲಿಸಿದೆ. ಮುಂದಿನ 10 ಹಲ್ಲಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಹಾಗೇ ಬಿಟ್ಟು, ಹಿಂದೆ 50 ತೆಗೆದು 70 ಹಲ್ಲಿನದು ಕೂರಿಸಿದೆ. ಈಗ ಬೈಕ್ ನಿಧಾನಕ್ಕೆ ಹೋದರೂ ಇಂಜಿನ್ ಜೋರಾಗಿ ತಿರುಗುತ್ತದೆ, ಶೂಗಳು ಗಟ್ಟಿಯಾಗಿ ಹಿಡಿಯುತ್ತವೆ. ಹಳೇ ಚೈನ್ ಸಾಲಲಿಲ್ಲ, ಉದ್ದದ್ದು ಬೇಕಾಯಿತು. ಎರಡೂ ಸ್ಪ್ರಾಕೆಟ್ ಒಂದೇ ಗೆರೆಯಲ್ಲಿವೆಯಾ ಅಂತ ಪಟ್ಟಿ ಇಟ್ಟು ನೋಡಿ. ಕ್ಲಚ್ ಬುಶ್‌ಗೆ (ಕ್ಲಚ್ ತಿರುಗುವ ಒಳಬಳೆಗೆ) ಒಂದೆರಡು ಹನಿ ಎಣ್ಣೆ ಸಾಕು. ಶೂಗೆ ತಾಗಿದರೆ ಜಾರುತ್ತದೆ.

ಟಾಪ್ ಸ್ಪೀಡ್ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯಿತು. ಕಲ್ಲು, ಬೇರಿನ ದಾರಿಯಲ್ಲಿ ಅದು ಯಾರಿಗೆ ಬೇಕು!