ಅನಿಮೋನ್ ಅಲೆದಾಟ, ಮುಚ್ಚಿಕೊಂಡ ಝೋವಾ: ಸರಿಯಾದದ್ದು ಹೀಗೆ

ಕಾರವಾರದ ಮನೆಯಲ್ಲಿರುವ, ಕಡಲ ಜೀವಿಗಳನ್ನು ಸಾಕುವ 200 ಲೀಟರ್ ಉಪ್ಪುನೀರಿನ ಟ್ಯಾಂಕ್. ಅದರಲ್ಲಿನ ಬಬಲ್ ಟಿಪ್ ಅನಿಮೋನ್ (ಕಲ್ಲಿಗೆ ಪಾದ ಅಂಟಿಸಿ ಕೂರುವ, ಕುಟುಕುವ ಎಳೆಗಳ ಕಡಲ ಪ್ರಾಣಿ) ರಾತ್ರಿ ಜಾಗ ಬದಲಿಸುತ್ತಿತ್ತು. ಅದು ತಾಗಿದ ಕಡೆ ಝೋವಾಗಳು (ಗುಂಪಾಗಿ ಬೆಳೆಯುವ, ಹೂವಿನಂತೆ ಅರಳುವ ಹವಳದಂಥ ಪುಟ್ಟ ಜೀವಿಗಳು) ಸುಟ್ಟಂತೆ ಕರಗುತ್ತಿದ್ದವು. ಅದಕ್ಕೆ ನಿಲುಕದ ಝೋವಾಗಳೂ ಮುಚ್ಚಿಕೊಂಡಿದ್ದವು, ಅದು ಪಕ್ಕದ ಲೆದರ್ ಕೋರಲ್ (ತೊಗಲಿನಂಥ ಮೆತ್ತನೆಯ ಹವಳ) ನೀರಿಗೆ ಬಿಡುವ ರಾಸಾಯನಿಕದ ಕೆಲಸ.

ಅನಿಮೋನ್‌ಗೆ ಬೇರೆಯೇ ಕಲ್ಲು ಕೊಟ್ಟೆ: ಪಾದ ಇಳಿಸಲು ಆಳದ ಬಿರುಕು, ಸುತ್ತ 20 ಸೆಂ.ಮೀ. ಬರೀ ಮರಳು. ಹಳೆಯ ಜಾಗದಿಂದ ಉಗುರು ಹಾಕಿ ಕೀಳಬಾರದು, ಪಾದ ಹರಿದರೆ ಕೊಳೆಯುತ್ತದೆ. ಸಣ್ಣ ಪಂಪಿನ ನೀರನ್ನು ಪಾದದ ಬುಡಕ್ಕೇ ತಿರುಗಿಸಿಟ್ಟರೆ ತಾನಾಗಿ ಬಿಡುತ್ತದೆ. ವೇವ್‌ಮೇಕರ್ (ಟ್ಯಾಂಕಿನಲ್ಲಿ ಅಲೆ ಎಬ್ಬಿಸುವ ಪಂಪ್) ನೀರು ಎಳೆಯುವ ಬಾಯಿಗೆ ದಪ್ಪ ರಂಧ್ರದ ಸ್ಪಂಜು ಕಡ್ಡಾಯ. ಇಲ್ಲದಿದ್ದರೆ ಅಲೆಯುವ ಅನಿಮೋನ್ ಅದರಲ್ಲಿ ಸಿಕ್ಕಿ ಚೂರಾಗಿ, ಇಡೀ ಟ್ಯಾಂಕ್ ಕೆಡುತ್ತದೆ. ವಾರಕ್ಕೊಮ್ಮೆ ಸ್ಪಂಜು ತೊಳೆಯಬೇಕು.

ರಾಸಾಯನಿಕಕ್ಕೆ ಮದ್ದು ಆಕ್ಟಿವೇಟೆಡ್ ಕಾರ್ಬನ್: 100 ಗ್ರಾಂ, ಕಪ್ಪು ಪುಡಿ ಹೋಗುವಷ್ಟು ತೊಳೆದು, ಬಲೆಚೀಲದಲ್ಲಿ ಫಿಲ್ಟರಿಗೆ, ಮೂರು ವಾರಕ್ಕೆ ಹೊಸದು. ಜೊತೆಗೆ ವಾರಕ್ಕೆ 20 ಲೀಟರ್ ನೀರು ಬದಲು. ಮಳೆಗಾಲದಲ್ಲಿ ಇಲ್ಲಿನ ಸಮುದ್ರದ ನೀರು ಬೇಡವೇ ಬೇಡ, ಕಾಳಿ ನದಿಯ ಸಿಹಿನೀರು, ಕೆಸರು ಎರಡೂ ಸೇರಿರುತ್ತದೆ. ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ರೀಫ್ ಉಪ್ಪು, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025. ನೇತ್ರಾಣಿ ದ್ವೀಪದ ಕಲ್ಲುಹವಳ ತಂದುಕೊಡುತ್ತೇನೆ ಅನ್ನುವವರಿಂದ ದೂರವಿರಿ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ಲೆದರ್ ಆಗಾಗ ಮೇಣದಂಥ ಪೊರೆ ಬಿಡಲು ಕೆಲವು ದಿನ ಮುದುಡುತ್ತದೆ. ಅದು ರೋಗವಲ್ಲ, ಪಂಪಿನ ಹರಿವು ಸ್ವಲ್ಪ ಹೆಚ್ಚಿಸಿದರೆ ಸಾಕು.